ಒಂದೇ ಸಲ ಕೇಳುವವರ ಮನೆ ಊಟ

ಭಾನುವಾರ, ಮಾರ್ಚ್ ೧೧

ನನ್ನ ಮುದ್ದು ಕೂಸೇ,

ನಾನು ಚೆನ್ನಾಗಿದ್ದೇನೆ. ನೀನು, ಅಳಿಯಂದಿರು, ನಿನ್ನ ಅತ್ತೆಯವರು ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೈದುಕೊಳ್ಳಬೇಡ. ಕೆಲಸ ಜಾಸ್ತಿಯಿತ್ತು ಎಂದು ಬರೆಯಬಹುದು, ಆದರೆ ಅದು ನಿಜವಲ್ಲ. ಬರೆಯಲು ಕೂತಾಗಲೆಲ್ಲ ಏನೂ ತೋಚದೆ ಪೆನ್ನಿಗೆ ಮುಚ್ಚಳ ಹಾಕಿ ಎದ್ದುಬಿಡುತ್ತಿದ್ದೆ. ಫೋನು ಮಾಡಿದರಾಯಿತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ?" "ಆಯ್ತು" ಎನ್ನುವಷ್ಟರಲ್ಲೇ ಮುಗಿಸಿಬಿಡುತ್ತೇವೆ.

ಏಳು ತಿಂಗಳು ಎಂದರೆ ಕಾಲು ಊದಿಕೊಳ್ಳುವ ಸಮಯ. ದಿಂಬಿನ ಮೇಲೆ ಕಾಲಿಟ್ಟು ಮಲಗು. ನೀರಿನ ಕೊಡ ಎತ್ತಲು ಹೋಗಬೇಡ. ಹೆರಿಗೆಗೆ ನಾನು ಬರುವುದಿಲ್ಲವೆಂದು ಹೋದ ಪತ್ರದಲ್ಲೇ ಬರೆದಿದ್ದೇನಲ್ಲ, ಹಾಗಾಗಿ ಅತ್ತೆಯವರು ಹೇಳಿದಂತೆ ಕೇಳಿಕೊಂಡಿರು. ಅವರು ಅನುಭವಸ್ಥರು.

ನನ್ನ ಸುದ್ದಿ ಏನಿದೆ? ಅದೇ ಆಸ್ಪತ್ರೆ, ಅದೇ ನೆಲಮಾಳಿಗೆಯ ಹೊಲಿಗೆ ಕೋಣೆ. ನಡುವೆ ಸವೆದ ಬೆಡ್‌ಶೀಟುಗಳನ್ನು ಉದ್ದಕ್ಕೆ ಸೀಳಿ, ಗಟ್ಟಿಯಾಗಿರುವ ಅಂಚುಗಳನ್ನು ನಡುವಿಗೆ ತಂದು ಕೂಡಿಸಿ ಹೊಲಿಯುತ್ತೇನೆ. ಹೀಗೆ ಮಾಡಿದರೆ ಹಳೆಯ ಶೀಟು ಇನ್ನೂ ಸ್ವಲ್ಪ ಕಾಲ ಬಾಳುತ್ತದೆ. ನಡುವಿನ ಹೊಲಿಗೆ ರೋಗಿಯ ಬೆನ್ನಿಗೆ ಒತ್ತದಂತೆ ಚಪ್ಪಟೆಯಾಗಿ ಕೂರಬೇಕು, ಅದೇ ಜಾಣತನ. ಸಂಜೆ ನನ್ನ ಕೋಣೆಗೆ ಬಂದರೆ ಒಂದು ತಟ್ಟೆ, ಒಂದು ಲೋಟ. ಗೋಡೆ ನೋಡಿಕೊಂಡು ಉಣ್ಣುತ್ತೇನೆ. ಕೆಲವು ದಿನ ಉಂಡೆನೋ ಇಲ್ಲವೋ ಎಂದು ತೊಳೆದಿಟ್ಟ ತಟ್ಟೆ ನೋಡಿ ತಿಳಿದುಕೊಳ್ಳುತ್ತೇನೆ. ನಗಬೇಡ, ನಿಜ. ನಿನ್ನನ್ನು ಊರಲ್ಲಿ ಬಿಟ್ಟು ದುಡಿಯಲು ಬಂದು ಇಷ್ಟು ವರ್ಷ ಇಲ್ಲಿದ್ದರೂ ಈ ಪರನಾಡಿನ ಯಾರ ಮನೆಯಲ್ಲೂ ನಾನು ಊಟಕ್ಕೆ ಕೂತವಳಲ್ಲ.

ಹೋದ ಭಾನುವಾರ ಕೂತೆ. ಅದನ್ನೇ ಹೇಳಲು ಹೊರಟೆ.

ನಮ್ಮ ಕೋಣೆಯಲ್ಲಿ ಇಸ್ತ್ರಿ ಮಾಡುವವಳೊಬ್ಬಳಿದ್ದಾಳೆ. ನನ್ನ ವಯಸ್ಸಿನವಳು, ನನ್ನ ಎರಡರಷ್ಟು ಗಾತ್ರ. ನಾನು ಮನಸ್ಸಿನಲ್ಲೇ ಅವಳಿಗೆ ಇಸ್ತ್ರಿಯಮ್ಮ ಎಂದು ಹೆಸರಿಟ್ಟಿದ್ದೇನೆ. ಅವಳು ಇದ್ದಕ್ಕಿದ್ದಂತೆ, "ಭಾನುವಾರ ಮಧ್ಯಾಹ್ನ ನಮ್ಮನೆಗೆ ಊಟಕ್ಕೆ ಬರ್ತೀಯಾ?" ಎಂದಳು. ನನಗೆಷ್ಟು ಖುಷಿಯಾಯಿತೆಂದರೆ ಬೇಡವೆನ್ನುವುದನ್ನೇ ಮರೆತು "ಬರ್ತೀನಿ" ಎಂದುಬಿಟ್ಟೆ. ಪೆಟ್ಟಿಗೆಯ ತಳದಿಂದ ಹಸಿರು ಸೀರೆ ತೆಗೆದು ಉಟ್ಟುಕೊಂಡು ಹೋದೆ. ಅವಳ ಗಂಡ ಬಸ್ಸು ಓಡಿಸುವವನು. ಬಾಗಿಲಲ್ಲೇ ನನ್ನನ್ನು ನೋಡಿ, ತನ್ನ ಅಂಗಿ ಬದಲಾಯಿಸಲು ಒಳಗೋಡಿದ.

ಮೊದಲು ಬಂದದ್ದು ಬೂದು ಬಣ್ಣದ ಗಂಜಿಯಂಥದ್ದು. ಮಂಜಿನಷ್ಟು ತಣ್ಣಗೆ, ಹುಳಿ ಹುಳಿ, ಮೇಲೆ ಎಂಥದೋ ಸೊಪ್ಪು. ಉಪ್ಪಿಲ್ಲ, ಖಾರವಂತೂ ಇಲ್ಲವೇ ಇಲ್ಲ. ಒಂದು ಚಮಚ ಬಾಯಿಗಿಟ್ಟೆ ನೋಡು, ಗಂಟಲು ನನ್ನದಲ್ಲವೇನೋ ಎಂಬಂತೆ ಬಾಗಿಲು ಹಾಕಿಕೊಂಡಿತು. ಎದುರಿಗೆ ಗಂಡ ಹೆಂಡತಿ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದಾರೆ. ಕಣ್ಣುಮುಚ್ಚಿ ಗಟಗಟನೆ ಬಟ್ಟಲು ಬರಿದು ಮಾಡಿ, "ತುಂಬಾ ಚೆನ್ನಾಗಿದೆ" ಎಂದೆ. ಆಕೆಯ ಮುಖ ಅರಳಿತು. "ಇನ್ನೂ ಹಾಕಲಾ?" ಎಂದಾಗ ಸಂಕೋಚಕ್ಕೆ ಹೂಂ ಎಂದು ತಲೆಯಾಡಿಸಿದೆ. ಮತ್ತೊಂದು ಬಟ್ಟಲು! ನನ್ನ ಅವಸ್ಥೆ ಯಾರಿಗೆ ಹೇಳಲಿ.

ಆಮೇಲೆ ಬಂತು ನೋಡು ಒಂದು ದೊಡ್ಡ ಪಾತ್ರೆ. ಗೆಡ್ಡೆ, ಈರುಳ್ಳಿ, ನನಗೆ ಹೆಸರು ತಿಳಿಯದ ಒಂದು ಕಾಳು, ಎಲ್ಲ ಒಟ್ಟಿಗೆ ಒಲೆಯೊಳಗೆ ಗಂಟೆಗಟ್ಟಲೆ ಬೆಂದು, ಮೇಲುಪದರ ಸೀದು ಕೆಂಪಾಗಿತ್ತು. ಚಮಚ ಹಾಕಿದಾಗ ಒಳಗಿನಿಂದ ಹೊಗೆಯಾಡುವ ಘಮ. ಖಾರವಿಲ್ಲದೆಯೂ ಒಂದು ಅಡುಗೆ ಇಷ್ಟು ರುಚಿಯಾಗಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಮೈಯೆಲ್ಲ ಬೆಚ್ಚಗಾಯಿತು. ಯಾರೋ ಕುದಿಸಿ, ಯಾರೋ ಬಡಿಸಿ, ನಾನು ಬರೀ ಉಣ್ಣುವುದು. ಅದು ನನಗೆ ಮರೆತೇಹೋಗಿತ್ತು ಕಣೇ. ಕಣ್ಣು ತುಂಬಿಬಂತು. ಈರುಳ್ಳಿಯ ನೆಪ ಹೇಳಿದೆ, ಬೆಂದ ಈರುಳ್ಳಿಗೆ ಯಾರಾದರೂ ಅಳುತ್ತಾರೆಯೇ.

ತಟ್ಟೆ ಖಾಲಿಯಾಯಿತು. ಆಕೆ ಪಾತ್ರೆ ಎತ್ತಿ, "ಇನ್ನೊಂದಿಷ್ಟು?" ಎಂದಳು.

ನಾನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ಅಯ್ಯೋ ಬೇಡ ಬೇಡ, ಸಾಕು" ಎಂದೆ. ಮೊದಲೇ ಗಂಜಿಗೆ ನಾಚಿಕೆಬಿಟ್ಟು ತಲೆಯಾಡಿಸಿದ್ದೆ, ಇದಕ್ಕೂ ಹಾಗೆ ಮಾಡಿದರೆ ಉಪವಾಸ ಬಿದ್ದವಳು ಅಂದುಕೊಂಡಾರು ಎನ್ನಿಸಿತು. ಆಕೆ ಇನ್ನೊಮ್ಮೆ "ಸುಮ್ನಿರು, ಇಷ್ಟೇ ಇಷ್ಟು" ಎಂದು ಬಡಿಸುತ್ತಾಳೆ, ಆಗ ಕೈ ತೆಗೆದರಾಯಿತು ಎಂದುಕೊಂಡೆ.

"ಸರಿ" ಎಂದಳು. ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಕೂಸೇ, ನಾನು ಕೈ ತಟ್ಟೆಯ ಮೇಲೇ ಇಟ್ಟುಕೊಂಡು ಪೆಚ್ಚಾಗಿ ಕೂತಿದ್ದೆ. ಮನೆಗೆ ಬಂದು ಬೆಳಗಿನ ತಂಗಳನ್ನಕ್ಕೆ ಉಪ್ಪು ಹಾಕಿಕೊಂಡು ಉಂಡೆ.

ಮಾರನೆಯ ದಿನ ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಅವಳಿಗೆ ಹೇಳಿಯೇಬಿಟ್ಟೆ.

"ನೀನೇ ಬೇಡ ಅಂದೆಯಲ್ಲ!" ಎಂದಳು.

"ನಮ್ಮ ಕಡೆ ಮೊದಲನೇ ಸಲ ಹಾಗೇ ಅನ್ನೋದು."

"ಹಾಗಾದ್ರೆ ಎಷ್ಟು ಸಲ ಕೇಳ್ಬೇಕು?"

"ಎರಡೋ ಮೂರೋ. ಅಷ್ಟಾದ ಮೇಲೂ ಬೇಡ ಅಂದ್ರೆ ಹೊಟ್ಟೆ ತುಂಬಿದೆ ಅಂತ."

ಅವಳು ನಕ್ಕ ನಗುವಿಗೆ ಪಕ್ಕದ ಕೋಣೆಯವರು ಇಣುಕಿ ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು, "ನಮ್ಮಲ್ಲಿ ಬೇಡ ಅಂದವರಿಗೆ ಮತ್ತೆ ಬಡಿಸಿದ್ರೆ ಅವರ ಮಾತು ನಂಬಲಿಲ್ಲ ಅಂತ ಅರ್ಥ. ನಾನು ನಿನಗೆ ಮರ್ಯಾದೆ ಕೊಟ್ಟೆ ಕಣೇ ಮಾರಾಯ್ತಿ" ಎಂದಳು. ಅವಳ ಮಾತೂ ಸರಿಯೇ. ಆದರೆ ಆ ದಿನವೆಲ್ಲ ಹೊಲಿಗೆ ಸೊಟ್ಟ ಹೋಗುತ್ತಿತ್ತು. ಒಂದೇ ಶೀಟನ್ನು ಎರಡೆರಡು ಸಲ ಬಿಚ್ಚಿದೆ.

ಹೊತ್ತು ಹೊತ್ತಿಗೆ ಉಣ್ಣು. ಬಾಯಿಗೆ ಏನು ಬೇಕೆನ್ನಿಸುತ್ತದೋ ಅದನ್ನು ನಾಚದೆ ಕೇಳಿ ಮಾಡಿಸಿಕೊ. ಹೂವೆತ್ತಿದಂತೆ ಹೆರಿಗೆಯಾಗಲಿ, ತಾಯಿ ಮಗು ನೂರು ಕಾಲ ಬಾಳಿ. ಅಳಿಯಂದಿರಿಗೆ ಆಶೀರ್ವಾದ, ಅತ್ತೆಯವರಿಗೆ ನಮಸ್ಕಾರ ತಿಳಿಸು.

ನಿನ್ನ
ಅಮ್ಮ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು. "ಹೆರಿಗೆಗೆ ಬರ್ತೀಯಾ ಅಮ್ಮಾ?" ಎಂದು ನೀನು ಕೇಳಿದ್ದಕ್ಕೆ, "ಬೇಡ ಬಿಡು, ನಿಮಗೆಲ್ಲ ಯಾಕೆ ತೊಂದರೆ" ಎಂದು ಬರೆದಿದ್ದೆ. ಬರೆದು ಹಾಕಿದ ದಿನದಿಂದ ನೀನು ಜಗಳಕ್ಕೆ ಬರುತ್ತೀಯ, ಅಳುತ್ತೀಯ, ಬರಲೇಬೇಕು ಎನ್ನುತ್ತೀಯ ಎಂದು ಕಾದೆ. "ಸರಿ ಅಮ್ಮ, ನಿನ್ನಿಷ್ಟ" ಎಂದು ಬಂತು. ಆ ಸಾಲು ಓದಿದ ಮೇಲೆಯೇ ನನಗೆ ಉತ್ತರ ಬರೆಯಲಾಗದೆ ಹೋದದ್ದು. ನಿನ್ನ ಮೇಲೆ ಕೋಪವಿಲ್ಲ. ಒತ್ತಾಯ ಮಾಡಿ ಬಡಿಸುವುದನ್ನು ಹೆಣ್ಣುಮಕ್ಕಳು ಅಮ್ಮನ ಪಕ್ಕ ನಿಂತು ಕಲಿಯುತ್ತಾರೆ, ಆ ವಯಸ್ಸಿನಲ್ಲಿ ನಿನ್ನ ಪಕ್ಕ ನಾನಿರಲಿಲ್ಲ. ರಜೆ ಕೇಳಿದ್ದೇನೆ, ಕೊಟ್ಟಿದ್ದಾರೆ. ನಾನು ಬರಲಾ? ಬೇಡವಾದರೆ ಬೇಡ ಎಂದೇ ಬರೆ. ಒಂದೇ ಸಲ ಬರೆದರೆ ಸಾಕು, ನಂಬುತ್ತೇನೆ.