ಮುಚ್ಚಿಕೊಳ್ಳದ ಬಾಗಿಲು

ಅಕ್ಕಾ,

ಇದನ್ನು ನಿನಗೂ ಹೇಳದೆ ಬಿಡುವವಳಿದ್ದೆ. ದಾರಿ ತೋರಿಸುವ ಉಪಗ್ರಹಗಳ ಸಂಕೇತ ಎದುರಿನ ಗುಡ್ಡಕ್ಕೆ ತಾಗಿ ಮರಳುವುದನ್ನು ನಮ್ಮ ಕಚೇರಿಯ ಚಾವಣಿಯ ಆಂಟೆನಾದಲ್ಲಿ ಹಿಡಿದು, ಗುಡ್ಡದ ಚಿತ್ರ ತೆಗೆಯುತ್ತೇವೆ. ಈ ವಾರ ಗುಡ್ಡ ಎರಡು ಬೆರಳು ಸರಿದಂತೆ ಕಂಡಿತು. ಅದರ ಬುಡದ ಆರು ಮನೆಯವರನ್ನು ನಮ್ಮ ಕಟ್ಟಡಕ್ಕೇ ಕರೆತಂದೆ.

ಇವತ್ತು ಕಸ ಗುಡಿಸುವಾಕೆ ಕಚೇರಿಯ ಮುಂಬಾಗಿಲು ತೋರಿಸಿ ನಕ್ಕಳು: "ಮೇಡಂ, ಹದಿನೈದು ದಿನದಿಂದ ಈ ಬಾಗ್ಲು ಮುಚ್ಕೊಳ್ತಿಲ್ಲ. ನಿಮ್ಮ ಉಪಗ್ರಹ ಹೇಳ್ಲಿಲ್ವಾ?"

ಮತ್ತೆ ನೋಡಿದೆ. ಚಿತ್ರದಲ್ಲಿ ಬಂಡೆ, ಮರ, ಕಂಬ ಎಲ್ಲವೂ ಒಟ್ಟಿಗೇ ಸರಿದಿದ್ದವು. ಗುಡ್ಡ ಅಲುಗಿರಲಿಲ್ಲ, ಕುಸಿಯುತ್ತಿದ್ದದ್ದು ನಮ್ಮ ಕಟ್ಟಡ. ನನ್ನ ಕಾಲಡಿಯ ನೆಲವನ್ನು ಯಾಕೆ ಅನುಮಾನಿಸಲಿಲ್ಲವೋ!

ಎಲ್ಲರೂ ಮನೆ ಸೇರಿದ್ದಾರೆ. ಬಾಗಿಲು ಕೆಟ್ಟಿದೆ ಎಂದಷ್ಟೇ ಅವರಿಗೆ ಹೇಳಿದ್ದೇನೆ. ನನ್ನ ಕೆಮ್ಮು ಕಡಿಮೆಯಾಗಿದೆ. ನಾಳೆ ಮನೆಮನೆಗೂ ಹೋಗಿ, ತಪ್ಪು ನನ್ನದೆಂದು ಒಪ್ಪಿಕೊಳ್ಳಬೇಕು. ಆರನೇ ಮನೆ ಮುಗಿದ ಮೇಲೆಯೇ ಈ ಕಾರ್ಡು ಅಂಚೆಗೆ; ಮುದ್ರೆಯಲ್ಲಿ ನಾಳೆಯ ತಾರೀಕು, ಹನ್ನೆರಡು, ಇದ್ದರೆ ಒಪ್ಪಿಕೊಂಡೆನೆಂದು ತಿಳಿ.