ಒಂದು ಬೆರಳಿನ ಜಾಗ

ಅಣ್ಣಾ,

ಪಕ್ಕದ ಕೋಣೆಯಲ್ಲೇ ಇದ್ದೀಯ, ಆದರೂ ಪತ್ರ ಬರೆಯುತ್ತಿದ್ದೇನೆ. ಗಂಟಲಿಗೆ ಉಸಿರಾಟದ ಕೊಳವೆ ಹಾಕಿದ ಮೇಲೆ ನನಗೆ ದನಿಯಿಲ್ಲ. ಸನ್ನೆ ಮಾಡಿದರೆ ನೀನು "ಸುಮ್ನಿರು, ನಂಗೊತ್ತು" ಅನ್ನುತ್ತೀಯ.

ನಿನಗೆ ಗೊತ್ತಿಲ್ಲ. ಕೊಳವೆ ಎಲ್ಲಿ ಜಾರೀತೋ ಎಂಬ ಭಯಕ್ಕೆ ಅದರ ಬಟ್ಟೆಪಟ್ಟಿಯನ್ನು ಬಿಗಿದು, ಕುತ್ತಿಗೆಯ ಹಿಂದೆ ಗಂಟಿನ ಮೇಲೆ ಗಂಟು ಹಾಕುತ್ತೀಯ. ಮಲಗಿದರೆ ಒತ್ತುತ್ತದೆ, ಚರ್ಮ ಸುಲಿದಿದೆ. ಇನ್ನು ಮೇಲೆ ಪಟ್ಟಿ ಬದಲಿಸುವಾಗ ಕೊಳವೆ ಅಲುಗದಂತೆ ಹಿಡಿದುಕೊಳ್ಳುವುದಷ್ಟೇ ನಿನ್ನ ಕೆಲಸ. ಅತ್ತಿಗೆ ಕಟ್ಟಲಿ, ಗಂಟು ಪಕ್ಕಕ್ಕೆ ಬರಲಿ. ನರ್ಸಮ್ಮ ಹೇಳಿಕೊಡುವಾಗ ಕಿವಿಗೊಟ್ಟು ಕೇಳಿದವಳು ಅವಳೊಬ್ಬಳೇ.

ಕೊಳವೆ ಯಾರಿಗೂ ಕಾಣದಿರಲೆಂದು ನೀನು ತಂದ ಶಾಲನ್ನು ನೀನೇ ಹೊದ್ದುಕೋ. ಸೋಮವಾರ ನಾನು ನಮ್ಮ ಟೈಲರ್ ಅಂಗಡಿಗೆ ಬಂದು ನನ್ನ ಮಷಿನ್ನಿನ ಮುಂದೆ ಕೂರುವವಳೇ. ನೋಡುವವರು ನೋಡಲಿ.

ಕಾಲರ್ ಅಳತೆ ತೆಗೆಯುವಾಗ ಟೇಪಿನೊಳಗೆ ಒಂದು ಬೆರಳಿನ ಜಾಗ ಬಿಡಬೇಕೆಂದು ನನಗೆ ಕಲಿಸಿದವನು ನೀನು. ನಾನು ಮರೆತಾಗ ನೀನು "ಗಿರಾಕಿ ಉಸಿರಾಡ್ಬೇಡ್ವೇನೇ?" ಅಂತ ಸ್ಕೇಲಿನಿಂದ ಕೈಗೆ ಬಾರಿಸಿದ್ದೆ. ನಾಳೆ ಅದೇ ಬೆರಳನ್ನು ಈ ಪಟ್ಟಿಯೊಳಗೂ ತೂರಿಸಿ ನೋಡು. ಹೋಗದಿದ್ದರೆ ಬಿಚ್ಚಿಸಿ ಮತ್ತೆ ಕಟ್ಟಿಸು.

ಆ ಸ್ಕೇಲು ಈಗ ನನ್ನ ದಿಂಬಿನಡಿ ಇದೆ.

ನಿನ್ನ ತಂಗಿ