ಮೊಂತಿ ಹಬ್ಬಕ್ಕೆ ಕೊಟ್ಟ ಗಿಡ

ಸಾಲ್ಮಿಯಾ, ಕುವೈತ್
೧೨ ನವೆಂಬರ್ ೧೯೯೧

ಸುಕೇಶನಿಗೆ,

ನಿನ್ನ ಅತ್ತಿಗೆ ಮೋಹಿನಿ ಬರೆಯುವುದು. ಪ್ರತಿ ಸಲ ಮೊದಲ ಸಾಲಿಗೇ ಬರುತ್ತಿದ್ದ ಆಶೀರ್ವಾದ ಈ ಸಲ ಕೊನೆಗೆ ಬಂದರೂ ಬರಬಹುದು, ಬಾರದೆಯೂ ಇರಬಹುದು. ನಿನ್ನ ಮದುವೆಯ ಫೋಟೋ ತಲುಪಿ ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಬರೆಯಲು ಕುಳಿತಾಗಲೆಲ್ಲ ಸಿಟ್ಟು ನೆತ್ತಿಗೇರಿ ಹಾಳೆ ಹರಿದು ಹಾಕಿದ್ದೇನೆ. ನವ್ಯಶ್ರೀ ಲಕ್ಷಣವಾಗಿದ್ದಾಳೆ, ಆ ಹುಡುಗಿಯ ಮೇಲೆ ನನಗೆ ಒಂದಿಷ್ಟೂ ಬೇಸರವಿಲ್ಲ. ಅವಳೂ ಇದನ್ನು ಓದಲಿ. ಅತ್ತೆಗೆ ಮಾತ್ರ ಓದಿ ಹೇಳಬೇಡ, ಅವರ ಎದೆ ತಡೆಯಲಿಕ್ಕಿಲ್ಲ.

ಇಲ್ಲಿ ಕೊನೆಯ ಎಣ್ಣೆಬಾವಿಯ ಬೆಂಕಿಯನ್ನೂ ಆರಿಸಿದರು. ಒಣಗಲು ಹಾಕಿದ ಬಟ್ಟೆಗೆ ಈಗ ಮಸಿ ಹಿಡಿಯುವುದಿಲ್ಲ. ಬಿಲ್ಡಿಂಗಿನವರೆಲ್ಲ ಟೆರೇಸಿಗೆ ಹೋಗಿ ನೀಲಿ ಆಕಾಶ ನೋಡಿ ಬಂದರು. ನಾನು ಹೋಗಲಿಲ್ಲ. ನಮ್ಮ ಎದುರು ಫ್ಲಾಟಿನ ಆಂಥೋನಿ ಜೈಲಿನಲ್ಲಿದ್ದಾರೆ, ಸುಕೇಶ. ನೀನು ನೆಟ್ಟ ಗಿಡಕ್ಕಾಗಿ.

ನಿನ್ನ ಹೆಂಡತಿಗೂ ಅರ್ಥವಾಗಲಿ ಎಂದು ಮೊದಲಿನಿಂದ ಬರೆಯುತ್ತೇನೆ. ಯುದ್ಧ ಮುಗಿದ ಮೇಲೆ ಜೂನ್‌ನಲ್ಲಿ ನಿನ್ನ ಕಫೀಲ್, ವೀಸಾ ಕೊಟ್ಟ ಅರಬಿ ಧಣಿ, ನಿನ್ನನ್ನು ವಾಪಸು ಕರೆಸಿಕೊಂಡ. ಶುಐಬಾದ ಕೆಲಸ, ನಮ್ಮ ಮನೆಯ ಊಟ. ಬಂದ ವಾರದಲ್ಲೇ ನೀನು ಬಾಲ್ಕನಿಯ ಎರಡು ಖಾಲಿ ಚಟ್ಟಿಗಳಲ್ಲಿ ಬೀಜ ಹಾಕಿದೆ. "ಇದೆಂತ ಮಾರಾಯ?" ಎಂದು ನಾನು ಕೇಳಿದೆ. "ಮದ್ದಿನ ಗಿಡ ಅತ್ತಿಗೆ. ಅಮ್ಮನ ಮೊಣಕಾಲು ನೋವಿಗೆ ಎಣ್ಣೆ ಕಾಯಿಸ್ಲಿಕ್ಕೆ. ಕೆಲಸದ ಕ್ಯಾಂಪಿನವರು ಕೊಟ್ಟದ್ದು" ಎಂದೆ. ಎಲೆ ಬಿಟ್ಟಾಗ ಗೊಂಡೆ ಹೂವಿನ ಗಿಡದ ಅಣ್ಣನ ಹಾಗೆ ಕಂಡಿತು. ಮದ್ದಿನ ಗಿಡ ಎಂದ ಮೇಲೆ ಮುಗಿಯಿತು, ತುಳಸಿಯ ಪಕ್ಕದಲ್ಲೇ ಜಾಗ ಮಾಡಿಕೊಟ್ಟೆ. ಸಂಜೆ ತುಳಸಿಗೆ ಹಿಡಿದ ದೀಪವನ್ನು ಅದಕ್ಕೂ ಹಿಡಿದೆ. ಥೂ, ನೆನೆಸಿಕೊಂಡರೆ ಮೈ ಉರಿಯುತ್ತದೆ.

ಜುಲೈಯಲ್ಲಿ ಗಿಡ ಹಳದಿಯಾಯಿತು. "ಬೆಂಕಿಯ ಹೊಗೆ ಅತ್ತಿಗೆ, ಬಿಸಿಲೇ ಇಲ್ಲ" ಎಂದು ನೀನು ಕೈಚೆಲ್ಲಿದೆ. ನಾನು ಶಂಕರಪುರದ ಮಲ್ಲಿಗೆ ತೋಟದಲ್ಲಿ ಬೆಳೆದವಳು, ಹಳದಿ ಎಲೆ ನೋಡಿ ಅಳುವವಳಲ್ಲ. ಹೊಗೆಯಿಂದ ಆದದ್ದಾದರೆ ಗಿಡವಿಡೀ ಬಿಳಿಚಿಕೊಳ್ಳಬೇಕಿತ್ತು. ಇಲ್ಲಿ ಕೆಳಗಿನ ಹಳೆಯ ಎಲೆಗಳು ಮಾತ್ರ ಹಳದಿ, ತುದಿ ಹಸಿರು. ಅಂದರೆ ಗಿಡಕ್ಕೆ ಹಸಿವು. ಹಳೆಯ ಎಲೆಯ ಸಾರವನ್ನೇ ಹೀರಿ ಚಿಗುರಿಗೆ ಉಣ್ಣಿಸುತ್ತಿತ್ತು. ನೆಲಗಡಲೆ ಹಿಂಡಿಯನ್ನು ಹುಳಿ ಬರಿಸಿ, ನೀರಿನಲ್ಲಿ ತೆಳ್ಳಗೆ ಬೆರೆಸಿ ಹಾಕಿದೆ. ಹತ್ತು ದಿನದಲ್ಲಿ ಮೈದುಂಬಿತು. ಆಮೇಲೆ ಚಿಗುರಿಗೇ ಹಳದಿ ಬಂತು, ನರ ಮಾತ್ರ ಹಸಿರು. ಅದು ಬೇರೆ ರೋಗ, ಕಬ್ಬಿಣ ಸಾಲದ್ದು. ಅದೂ ಮಣ್ಣಿನಲ್ಲಿ ಇಲ್ಲದೆ ಅಲ್ಲ, ಗಿಡಕ್ಕೆ ಬಿಡುವ ಇಲ್ಲಿಯ ಸವುಳು ನೀರು ಬೇರಿನ ಬಾಯಿ ಕಟ್ಟಿತ್ತು. ಎಲೆಯ ಅಂಚು ಸುಟ್ಟದ್ದೂ ಅದೇ ಉಪ್ಪಿನಿಂದ. ಟ್ಯಾಂಕರಿನಿಂದ ಹಿಡಿದ ಸಿಹಿನೀರಿನಲ್ಲಿ ಚಟ್ಟಿಯ ಮಣ್ಣು ತೊಳೆದೆ. ಕುಡಿಯುವ ನೀರಿಗೇ ಬಕೆಟ್ ಹಿಡಿದು ನಿಲ್ಲುತ್ತಿದ್ದ ಕಾಲ ಅದು! ನನ್ನ ಮಲ್ಲಿಗೆ ಬಳ್ಳಿಗೆ ಕೊಡದೆ ನಿನ್ನ ಗಿಡಕ್ಕೆ ಕೊಟ್ಟೆ. ಮಲ್ಲಿಗೆ ಸತ್ತಿತು. "ಅತ್ತಿಗೆಯ ಕೈಗುಣವೇ ಕೈಗುಣ" ಎಂದು ನೀನು ಹಲ್ಲು ಕಿರಿದೆ. ನಾನು ಉಬ್ಬಿ ಹೋದೆ.

ಸೆಪ್ಟೆಂಬರ್ ಎಂಟು ಆಂಥೋನಿಯ ಹೆಂಡತಿ ಮಗ್ದಲೀನ್ ಮನೆಯ ಮೊಂತಿ ಹಬ್ಬ, ಮರಿಯಮ್ಮನ ಹುಟ್ಟುಹಬ್ಬ. ಆ ದಿನ ಅವರಿಗೆ ಮೀನು ಮಾಂಸ ಇಲ್ಲ, ತರಕಾರಿ ಊಟ. ಹಬ್ಬಕ್ಕೆ ನನ್ನ ಬಸಳೆ ಮತ್ತು ಕೆಸುವಿನ ಎಲೆ ಹೋಗುವುದು ಯುದ್ಧಕ್ಕೆ ಮೊದಲಿನಿಂದ ನಡೆದು ಬಂದದ್ದು. ಅವರು ಬರಿಗೈಯಲ್ಲಿ ನಮ್ಮ ಹೊಸಿಲು ದಾಟಿದ್ದಿಲ್ಲ, ನಾನೂ ಅವರನ್ನು ಬರಿಗೈಯಲ್ಲಿ ಕಳಿಸಿದ್ದಿಲ್ಲ. ನಾನು ಬಸಳೆ ಕೊಯ್ಯುತ್ತಿದ್ದಾಗ ನಿನ್ನ ಅಣ್ಣ ಚಹಾ ಹಿಡಿದುಕೊಂಡು ಬಾಲ್ಕನಿಗೆ ಬಂದರು. "ಇಷ್ಟು ಚಟ್ಟಿ ಎಂತಕ್ಕೆ? ಆ ದೊಡ್ಡ ಗಿಡ ಮಗ್ದಲೀನ್‌ಗೆ ಕೊಡು. ಅವಳ ಅಮ್ಮನಿಗೂ ಕಾಲುನೋವು ಅಂತಿದ್ಲಲ್ಲ" ಎಂದರು. ಗಿಡದ ಕಡೆ ತಲೆ ಹಾಕದ ಮನುಷ್ಯ ತಾನಾಗಿ ಹೇಳಿದರಲ್ಲ ಎಂದು ನನಗೆ ಖುಷಿಯೇ ಆಯಿತು. ಚಟ್ಟಿ ಒರೆಸಿ, ಬುಡಕ್ಕೆ ಕುಂಕುಮ ಇಟ್ಟು ಕೊಟ್ಟು ಬಂದೆ.

ಸಂಜೆ ಕೆಲಸದಿಂದ ಬಂದ ನಿನಗೆ ಹೇಳಿದೆ. ನಿನ್ನ ಮುಖ ಬಿಳಿಚಿಕೊಂಡದ್ದು ನನಗೆ ನೆನಪಿದೆ. ಆದರೆ ಬಾಯಿಂದ ಬಂದದ್ದು "ಅಲ್ಲೇ ಇರ್ಲಿ ಬಿಡಿ ಅತ್ತಿಗೆ" ಅಷ್ಟೆ. ಮದುವೆಗೆ ಊರಿಗೆ ಹೊರಡುವ ಮೊದಲು ನೀನು ನಮ್ಮಲ್ಲಿದ್ದ ಇನ್ನೊಂದನ್ನು ಬೇರು ಸಮೇತ ಕಿತ್ತು ಒಯ್ದೆ. ಹುಳ ಬಿದ್ದಿದೆ ಎಂದೆ. ಹುಳ ಬಿದ್ದ ಗಿಡ ನನಗೆ ಗೊತ್ತಾಗುವುದಿಲ್ಲವೇನೋ? ನಮ್ಮ ಮನೆಯದನ್ನು ಕೀಳಬೇಕೆಂದು ಹೊಳೆದ ನಿನಗೆ, ಎದುರು ಬಾಗಿಲು ತಟ್ಟಿ ಅದನ್ನೂ ಕೀಳಬೇಕೆಂದು ಹೊಳೆಯಲಿಲ್ಲವಾ? ಏನಾದರೊಂದು ಸುಳ್ಳು ಹೇಳಿದ್ದರೂ ಸಾಕಿತ್ತಲ್ಲೋ!

ಅಕ್ಟೋಬರ್‌ನಲ್ಲಿ ಯುದ್ಧದಿಂದ ಉಳಿದ ಆಯುಧ ಹುಡುಕುತ್ತಾ ಪೊಲೀಸರು ನಮ್ಮ ಬಿಲ್ಡಿಂಗಿಗೆ ಬಂದರು. ನಮ್ಮ ಮನೆಯಲ್ಲಿ ಏನೂ ಸಿಗಲಿಲ್ಲ. ಎದುರು ಬಾಲ್ಕನಿಯಲ್ಲಿ ಆಳೆತ್ತರದ ಗಿಡ, ಹಚ್ಚ ಹಸಿರು, ಒಂದು ಎಲೆಯೂ ಹಳದಿ ಇಲ್ಲ. ಅದು ಗಾಂಜಾ ಎಂದು ನನಗೆ ತಿಳಿದದ್ದು ಮೆಟ್ಟಿಲ ಮೇಲೆ, ಪೊಲೀಸನ ಬಾಯಿಂದ. ಆಂಥೋನಿಯನ್ನು ಬನಿಯನ್‌ನಲ್ಲೇ ಇಳಿಸಿಕೊಂಡು ಹೋದರು.

ಯಾರನ್ನು, ಗೊತ್ತುಂಟಲ್ಲ? ಇರಾಕಿನವರು ಇದ್ದಾಗ ನೀನು ಜೋರ್ಡಾನಿನ ಅಮ್ಮಾನ್ ದಾರಿಯಿಂದ ಊರು ಸೇರಿದ್ದೆ, ನಾವು ಉಳಿದೆವು. ನಿನ್ನ ಅಣ್ಣ ಟೈಫಾಯ್ಡ್‌ನಲ್ಲಿ ಮಲಗಿದ್ದಾಗ ಬಂದೂಕುಗಳ ಮುಂದೆ ಸಾಲು ನಿಂತು ಎರಡು ಮನೆಗೂ ಖುಬ್ಬೂಸ್ ರೊಟ್ಟಿ ತಂದವರು ಆಂಥೋನಿ. ಆಸ್ಪತ್ರೆಯಿಂದ ಬಂದು ಇವರ ಮೈ ಒರೆಸಿ ಸೂಜಿ ಚುಚ್ಚಿದವಳು ನರ್ಸ್ ಮಗ್ದಲೀನ್. ಅವರಿಗೆ ನಾವು ತೀರಿಸಿದ ಋಣ ನೋಡು.

ಇನ್ನೂ ಕೇಳು. ಗಿಡ ಎಲ್ಲಿಂದ ಬಂತೆಂದು ಎಷ್ಟು ಕೇಳಿದರೂ ಆಂಥೋನಿ ಬಾಯಿ ಬಿಟ್ಟಿಲ್ಲ. ನೋಡಲು ಹೋದ ಮಗ್ದಲೀನ್ ಹತ್ತಿರ, "ಮೋಹಿನಿ ಹೆಸರು ತೆಗೀಬೇಡ. ಹೆಂಗಸನ್ನು ಒಳಗೆ ಹಾಕಿದ್ರೆ ಎಂತ ಮಾಡ್ಲಿಕುಂಟು? ನಾನು ಹೇಗಾದ್ರೂ ತಡ್ಕೊಳ್ತೇನೆ" ಎಂದರಂತೆ. ನಾನು ಅವಳ ಕಾಲಿಗೆ ಬಿದ್ದೆ. ಎತ್ತಿ ಕೂರಿಸಿದಳು. "ನಿನ್ನ ಮೇಲೆ ಸಿಟ್ಟಿಲ್ಲ ಮೋಹಿನಿ, ನಿಂಗೆ ಎಂತ ಗೊತ್ತಿತ್ತು? ನಿಮ್ಮ ಮನೆಯಲ್ಲಿ ಯಾರಿಗೆ ಗೊತ್ತಿತ್ತು?" ಎಂದಳು. ನಿನ್ನ ಅಣ್ಣ ಅಲ್ಲೇ ಕುಳಿತು ಪೇಪರ್ ಓದುತ್ತಿದ್ದರು.

ಠಾಣೆಗೆ ಹೋಗಿ ಹೇಳುತ್ತೇನೆಂದು ನಾನು ಸೀರೆ ಉಟ್ಟು ನಿಂತದ್ದು ಎಷ್ಟು ಸಲವೋ. "ನಿನ್ನ ಇಕಾಮಾ ಖಲಾಸ್, ನನ್ನದೂ ಖಲಾಸ್, ಇಬ್ರನ್ನೂ ಊರಿಗೆ ಓಡಿಸ್ತಾರೆ, ಸುಮ್ನೆ ಕೂತ್ಕೋ" ಎಂದು ಇವರು ಬಾಗಿಲಿಗೆ ಅಡ್ಡ ನಿಂತರು. ನನ್ನ ಮೇಲಿನ ಕಾಳಜಿ ಎಂದು ತಿಳಿದು ನಾನೂ ಸೀರೆ ಬಿಚ್ಚಿಟ್ಟೆ.

ಈಗ ನೀನು ಮಾಡಬೇಕಾದ್ದು ಇಷ್ಟು. ಬೀಜ ಹಾಕಿದವನು ನಾನು, ಆ ಮನೆಯವರಿಗೆ ಅದೇನೆಂದು ಗೊತ್ತಿರಲಿಲ್ಲ ಎಂದು ನೋಟರಿಯವರ ಮುಂದೆ ಬರೆದು, ಸಹಿ ಹಾಕಿ, ಮಗ್ದಲೀನ್ ಹೆಸರಿಗೆ ಕಳಿಸು. ವಕೀಲರು ಅದನ್ನೇ ಕೇಳಿದ್ದಾರೆ. ನೀನು ಊರಿನಲ್ಲಿ ಹೊಸ ಹೆಂಡತಿಯ ಪಕ್ಕ ಕುಳಿತಿದ್ದಿ, ನಿನ್ನನ್ನು ಇಲ್ಲಿಂದ ಬಂದು ಹಿಡಿಯುವವರಿಲ್ಲ. ಕುವೈತ್‌ಗೆ ಇನ್ನು ಬರಲಾಗದು, ಅಷ್ಟೆ. ನಿನ್ನನ್ನು ಚಡ್ಡಿ ಹಾಕುವ ಕಾಲದಿಂದ ಉಣ್ಣಿಸಿದ ಕೈ ಇದನ್ನು ಬರೆಯುತ್ತಿದೆ. ಬರೆಯದಿದ್ದರೆ ಆ ಅನ್ನಕ್ಕೆ ನೀನು ಮಣ್ಣು ಹಾಕಿದೆ ಎಂದೇ ತಿಳಿಯುತ್ತೇನೆ.

ನವ್ಯಶ್ರೀಗೆ ಒಳ್ಳೆಯದಾಗಲಿ, ಅವಳ ಮಡಿಲು ತುಂಬಲಿ. ನಿನಗೂ ದೇವರು ಬುದ್ಧಿ ಕೊಡಲಿ. ಆಶೀರ್ವಾದ ಎಂದರೆ ನನ್ನಲ್ಲಿ ಈಗ ಉಳಿದಿರುವುದು ಇಷ್ಟೇ.

ನಿನ್ನ ಅತ್ತಿಗೆ,
ಮೋಹಿನಿ

ಮರೆತ ಮಾತು: ಮರೆತದ್ದಲ್ಲ, ನನಗೇ ಈಗ ತಿಳಿದದ್ದು. ಇಷ್ಟು ಬರೆದು ಅಡುಗೆಗೆ ಎದ್ದಾಗ ನಿನ್ನ ಅಣ್ಣ ಪತ್ರ ಓದಿದರು. "ಅವನೊಬ್ಬನನ್ನೇ ಯಾಕೆ ಬೈತಿ?" ಎಂದರು. ಆ ಗಿಡ ಏನೆಂದು ಅವರಿಗೆ ಮೊದಲೇ ಗೊತ್ತಿತ್ತಂತೆ, ಬೊಂಬಾಯಿಯಲ್ಲಿದ್ದಾಗ ನೋಡಿದ್ದರಂತೆ. ತಮ್ಮನಿಗೆ ಹೇಳಿದರೆ ಮದುವೆಯ ಹೊತ್ತಿನಲ್ಲಿ ಜಗಳ, ಬೀದಿಯಲ್ಲಿ ಎಸೆದರೆ ಯಾರಾದರೂ ನೋಡಿಯಾರು. "ಎದ್ದು ಕಾಣುವ ಆ ದೊಡ್ಡದು ನಮ್ಮ ಮನೆಯಿಂದ ಆಚೆ ಹೋದ್ರೆ ಸಾಕಿತ್ತು, ಸಣ್ಣದು ಬಸಳೆಯ ಮರೆಯಲ್ಲಿತ್ತು" ಎಂದರು. ಅದಕ್ಕೇ ಆ ದಿನ ಮಗ್ದಲೀನ್‌ಗೆ ಕೊಡು ಎಂದದ್ದು. ರೊಟ್ಟಿ ತಂದುಕೊಟ್ಟ ಮನೆಗೆ ನನ್ನ ಕೈಯಲ್ಲೇ ಕುಂಕುಮ ಇಡಿಸಿ ಕಳಿಸಿದರು, ಸುಕೇಶ. ಇಷ್ಟು ವರ್ಷ ಇವರ ಪಕ್ಕದಲ್ಲಿ ಮಲಗಿದ್ದೇನೆ.

ನಿನ್ನ ಕಾಗದಕ್ಕೆ ನಾನಿನ್ನು ಕಾಯುವುದಿಲ್ಲ, ಆದರೂ ನೀನು ಬರೆ. ನಾಳೆ ಬೆಳಿಗ್ಗೆ ಮಗ್ದಲೀನ್ ಜೊತೆ ಠಾಣೆಗೆ ಹೋಗುತ್ತೇನೆ. ನೆಟ್ಟವರು ಯಾರು, ಸಾಕಿದವಳು ಯಾರು, ಕೊಡಿಸಿದವರು ಯಾರು, ಮೂರು ಹೆಸರನ್ನೂ ಹೇಳುತ್ತೇನೆ. ಈ ಸಾಲುಗಳನ್ನೂ ಇವರಿಗೆ ಓದಲು ಕೊಟ್ಟೆ. ಓದಿದರು. ಈಗ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದಾರೆ. ಕುಳಿತಿರಲಿ. ಎದುರು ಬಾಗಿಲು ನಾಲ್ಕೇ ಹೆಜ್ಜೆ, ಕೂಗಿದರೆ ಮಗ್ದಲೀನ್‌ಗೆ ಕೇಳಿಸುತ್ತದೆ.